ವಕೀಲಸಾಹೇಬರ ವಿಶ್ರಾಂತಿಧಾಮ

ವಕೀಲಸಾಹೇಬರು ತೀರಿಕೊಂಡ ಮರುದಿನವೇ, ಅವರಷ್ಟು ದೊಡ್ಡ ಮನುಷ್ಯ ಬೆಳಗಾವಿಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬುದು ಪತ್ರಿಕೆಯವರಿಗೆ ಗೊತ್ತಾಗಿಬಿಟ್ಟಿತು. ಬಡವರ ಬಂಧು ಎಂದು ಒಬ್ಬರು ಬರೆದರು. ದೀನರ ದನಿ ಎಂದು ಇನ್ನೊಬ್ಬರು. ಹೆಣ್ಣುಮಕ್ಕಳ ಪಾಲಿನ ಹಿರಿಯಣ್ಣ ಎಂದು ಮತ್ತೊಬ್ಬರು ಬರೆದದ್ದನ್ನು ಓದುವಾಗ ಮಾತ್ರ ನನಗೆ ಚಹಾ ನೆತ್ತಿಗೇರಿತು. ಸತ್ತವರನ್ನು ಬೈಯಬಾರದು ಎಂದು ಅವ್ವ ಹೇಳಿಕೊಟ್ಟಿದ್ದಾಳೆ. ನಾನು ಬೈಯುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ. ಅದು ಬೈದ ಹಾಗೆ ಕೇಳಿಸಿದರೆ ನಾನೇನು ಮಾಡಲಿ?

ಹೆಸರು ಮಾತ್ರ ಬರೆಯುವುದಿಲ್ಲ. ಊರಿನ ಗೋಡೆಗೋಡೆಗೂ ಅದನ್ನು ಕೆತ್ತಿಸಿ ಹೋಗಿದ್ದಾರೆ. ಈ ಒಂದು ಕಡೆ ಇಲ್ಲದಿದ್ದರೆ ಅವರಿಗೇನೂ ಕಡಿಮೆಯಾಗುವುದಿಲ್ಲ. ಊರೆಲ್ಲ ವಕೀಲಸಾಹೇಬರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯದೇ ಭಾಗವಾದ ಶಹಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಮನೆ ಖಾನಾಪುರದಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಬರುವುದು, ಸಂಜೆಯ ಗಾಡಿಗೆ ತಿರುಗಿ ಹೋಗುವುದು. ಆಗ ಊರಿನ ಕೆಲವು ದೊಡ್ಡವರು ಕೂಡಿ ಒಂದು ಸುಧಾರಣಾ ಮಂಡಳಿ ಕಟ್ಟಿಕೊಂಡಿದ್ದರು. ವಕೀಲಸಾಹೇಬರು ಅದರ ಅಧ್ಯಕ್ಷರು. ಬಡವರೂ ಹೆಣ್ಣುಮಕ್ಕಳೂ ಅಂಜಿಕೆಯಿಲ್ಲದೆ ಬಾಳುವಂಥ ಊರು ಮಾಡುವುದು ಮಂಡಳಿಯ ಉದ್ದೇಶವಾಗಿತ್ತು. ಅದಕ್ಕೆ ನನ್ನನ್ನೂ ಸೇರಿಸಿಕೊಂಡರು. ನನ್ನ ಬುದ್ಧಿ ಕಂಡು ಸೇರಿಸಿಕೊಂಡರೆಂದು ಮೊದಲ ಸಭೆಯವರೆಗೆ ನಂಬಿದ್ದೆ. ಸಭೆಗೆ ಪ್ರಾರ್ಥನೆ ಹೇಳಲು ಒಂದು ಹೆಣ್ಣು ದನಿ, ಬಂದವರಿಗೆ ಆರತಿ ಎತ್ತಲು ಎರಡು ಹೆಣ್ಣು ಕೈ ಅವರಿಗೆ ಬೇಕಾಗಿದ್ದವು, ಅಷ್ಟೆ.

ನೋಡಲು ವಕೀಲಸಾಹೇಬರು ದೇವರಂಥ ಮನುಷ್ಯ. ಎತ್ತರದ ಆಳು, ಬೆಳ್ಳಗಿನ ಧೋತರ, ಕೊರಳವರೆಗೆ ಗುಂಡಿ ಹಾಕಿದ ಕೋಟು, ಕರಿ ಟೊಪ್ಪಿಗೆ. ಹತ್ತಿರ ಬಂದರೆ ಅತ್ತರಿನ ವಾಸನೆ. ರಿಬ್ಬನ್ ಕತ್ತರಿಸುವುದಕ್ಕೆ ಅವರದೇ ಒಂದು ಕತ್ತರಿ ಇತ್ತು. ಹಿತ್ತಾಳೆ ಹಿಡಿಕೆಯದು, ಕೆಂಪು ಮಖಮಲ್ಲಿನ ಚೀಲದಲ್ಲಿ ಇರುತ್ತಿತ್ತು. ಹಿಂದೆ ಯಾವುದೋ ಸಮಾರಂಭದಲ್ಲಿ ಮೊಂಡು ಕತ್ತರಿ ಕೊಟ್ಟು, ರಿಬ್ಬನ್ ಜಗ್ಗಾಡಿ ಜಗ್ಗಾಡಿ ಫೋಟೋ ಕೆಟ್ಟುಹೋಗಿತ್ತಂತೆ. ಅಂದಿನಿಂದ ಸ್ವಂತ ಕತ್ತರಿ ಕೋಟಿನ ಕಿಸೆಯಲ್ಲೇ. ದಾರಿಯಲ್ಲಿ ಹೋಗುವಾಗ ಅಚಾನಕ್ಕಾಗಿ ಒಂದು ಉದ್ಘಾಟನೆ ಎದುರಾದರೆ ಮನುಷ್ಯ ತಯಾರಿರಬೇಕಲ್ಲ.

ಪೀರನವಾಡಿಯ ರಸ್ತೆಯಲ್ಲಿ ಅವರು ಕಟ್ಟಿಸಿದ ಬಸ್ಸಿನ ತಂಗುದಾಣ ಒಂದಿತ್ತು. ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ; ಮುಂದೆ ಆಲದ ಗಿಡದ ಹತ್ತಿರ ನಿಲ್ಲುತ್ತಿತ್ತು, ಜನ ಮಳೆಯಲ್ಲಿ ಅಲ್ಲೇ ನಿಲ್ಲುತ್ತಿದ್ದರು. ಆದರೆ ಆಲದ ಗಿಡದ ಹತ್ತಿರ ರಸ್ತೆ ಹೊರಳುತ್ತದೆ, ಅಲ್ಲಿ ಕಟ್ಟಿದರೆ ಹೆಸರಿನ ಕಲ್ಲು ದೂರದಿಂದ ಕಾಣುವುದಿಲ್ಲ. ಹೀಗಾಗಿ ಕಲ್ಲು ಕಾಣುವ ಕಡೆ ತಂಗುದಾಣ, ಬಸ್ಸು ನಿಲ್ಲುವ ಕಡೆ ಜನ. ನಾನೊಮ್ಮೆ ಕೇಳಿದ್ದಕ್ಕೆ, ಕಲಿತ ಹೆಂಗಸರನ್ನು ಬಾಯಿಯವರು ಎಂದು ಕರೆಯುವ ಇಲ್ಲಿಯ ರೂಢಿಯಂತೆ, "ಬಸ್ಸಿನವರಿಗೆ ಹೇಳಿದ್ರ ಇಲ್ಲೇ ನಿಲ್ಲಸ್ತಾರ ಬಾಯಿಯವರ, ಅದೇನು ದೊಡ್ಡ ಮಾತಲ್ಲ" ಎಂದರು. ಯಾರೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಬಡವರ ಮೇಲೆ ಅವರಿಗೆ ಪ್ರೀತಿ ಇತ್ತೇ ಎಂದು ಕೇಳಿದರೆ, ಇತ್ತು. ಸುಳ್ಳು ಹೇಳಬಾರದು. ಶಹಾಪುರದ ಮಗ್ಗದ ಓಣಿಗಳಲ್ಲಿ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಅಡ್ಡಾಡಿ ಬಂದು, "ಬಡವರನ್ನ ನೋಡದ ದಿನ ನನಗ ಊಟ ರುಚಿಸೂದಿಲ್ಲ ಬಾಯಿಯವರ" ಎನ್ನುತ್ತಿದ್ದರು. ಕೆಲವರಿಗೆ ಊಟಕ್ಕೆ ಉಪ್ಪಿನಕಾಯಿ ಬೇಕು, ಇವರಿಗೆ ಬಡವರು. ಲಂಚ ತಿಂದವರಲ್ಲ. ಮಂಡಳಿಯ ಕೆಲಸಕ್ಕೆ ಕೈಯಿಂದಲೇ ಹಾಕಿದ್ದಾರೆ. ಕೆಟ್ಟ ಮನುಷ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುವಂತಿದ್ದರೆ ನನಗೂ ಇಷ್ಟು ಬರೆಯುವ ತ್ರಾಸು ಇರುತ್ತಿರಲಿಲ್ಲ.

ಅವರದೊಂದು ವಿಶೇಷ ರೀತಿ ಇತ್ತು. ಯಾರಾದರೂ ಮಾತಾಡಲು ಸುರು ಮಾಡಿದರೆ ಕಣ್ಣು ಮುಚ್ಚಿಕೊಂಡು "ಹೂಂ, ಹೂಂ" ಎಂದು ತಲೆಯಾಡಿಸುವರು. ನೋಡಿದವರು, ಎಂಥ ಏಕಾಗ್ರತೆ, ಋಷಿಯ ಹಾಗೆ ಕೇಳುತ್ತಾರೆ ಎನ್ನುತ್ತಿದ್ದರು. ಮಾತು ಮುಗಿದ ಮೇಲೆ ಕಣ್ಣು ತೆರೆದು, ತಾವು ಮೊದಲು ಏನು ಹೇಳಬೇಕೆಂದಿದ್ದರೋ ಅದನ್ನೇ ಹೇಳುವರು. ಕಿವಿಗೆ ಏನೂ ಬೀಳುವುದಿಲ್ಲ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ಇನ್ನು ಗಂಗವ್ವನ ಮಾತು ಹೇಳಬೇಕು. ಗಂಗವ್ವ ನನ್ನ ಗಾಡಿಯಲ್ಲೇ ದಿನಾ ಬರುವವಳು. ಖಾನಾಪುರದ ಬಾಜೂ ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಮನೆ. ಕಾಡಿನ ಎಲೆ ತಂದು ಪತ್ರಾವಳಿ ಹಚ್ಚಿ, ಹೊರೆ ಕಟ್ಟಿಕೊಂಡು ಶಹಾಪುರದ ಪೇಟೆಗೆ ಬಂದು ಮಾರುತ್ತಿದ್ದಳು. ಬೇಸಿಗೆಯಲ್ಲಿ ಬುಟ್ಟಿ ತುಂಬ ಕವಳಿ ಹಣ್ಣು. ಅವಳ ಹಾಗೆ ಮೊಸರಿನವರು, ಕಟ್ಟಿಗೆಯವರು, ಸೊಪ್ಪಿನವರು, ಗಾಡಿಯ ಒಂದು ಡಬ್ಬಿ ತುಂಬ ಹೆಂಗಸರು ಬರುತ್ತಿದ್ದರು. ಕನ್ನಡದಲ್ಲಿ ಸುರು ಮಾಡಿದ ಜಗಳವನ್ನು ಮರಾಠಿಯಲ್ಲಿ ಮುಗಿಸುವ ಜನ, ಅವರ ಮಧ್ಯೆ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

ಒಂದು ದಿನ ದೇಸೂರು ಸ್ಟೇಶನ್ನಿನಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿತ್ತು. ಬಿಸಿಲು. ನಾನು ನನ್ನ ತಂಬಿಗೆ ತೆರೆದು ಕುಡಿದು ಗಂಗವ್ವನ ಮುಂದೆ ಹಿಡಿದೆ. ಅವಳು ಕೈಯಾಡಿಸಿ ಬೇಡವೆಂದಳು. ನನ್ನ ತಂಬಿಗೆ ಮುಟ್ಟಲು ಹಿಂಜರಿಯುತ್ತಿದ್ದಾಳೆ ಎಂದುಕೊಂಡು, "ತಗೋ ಗಂಗವ್ವ, ನನಗ ಆ ಮಡಿ ಗಿಡಿ ಇಲ್ಲ" ಎಂದೆ.

"ಅದಕ್ಕಲ್ರೀ ಅಕ್ಕೋರ" ಎಂದಳು. "ನೀರು ಕುಡದ್ರ ಆಮ್ಯಾಲ ಹೋಗಾಕ ಎಲ್ಲಿ ಐತ್ರಿ ಜಾಗಾ? ನಾವು ಮನಿ ಬಿಟ್ಟ ಮ್ಯಾಲ ಬಾಯಾಗ ನೀರು ಹಾಕೂದಿಲ್ಲ. ಸಂಜೀಕ ಮನೀಗಿ ಹೋಗಿ ಕೊಡಾನ ಎತ್ತಿ ಕುಡೀತೀವಿ."

ಡಬ್ಬಿಯ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಇಷ್ಟು ವರ್ಷ ಅವರ ಜೊತೆ ಕೂತು ಬಂದವಳಿಗೆ, ಅವರಲ್ಲಿ ಒಬ್ಬಳೂ ನೀರು ಕುಡಿದದ್ದನ್ನು ನೋಡಿಲ್ಲ ಎಂಬುದು ಆಗ ಹೊಳೆಯಿತು. ಪೇಟೆಯಲ್ಲಿ ಹೆಂಗಸರಿಗೆಂದು ಏನೂ ಇರಲಿಲ್ಲ. ತಡೆಯಲಾಗದವರು ರೈಲು ಹಳಿಯ ಆಚೆಯ ಪೊದೆಗಳ ಕಡೆಗೆ ಹೋಗಬೇಕು. ಅಲ್ಲಿ ಗಂಡಸರು ಬೇಕಂತಲೇ ಬೀಡಿ ಸೇದುತ್ತ ಕೂತಿರುತ್ತಿದ್ದರು. ಮೊಸರು ಮಾರುವ ಹರೆಯದ ಹುಡುಗಿಯೊಬ್ಬಳನ್ನು ಯಾವನೋ ಅಟ್ಟಿಸಿಕೊಂಡು ಬಂದ ಮೇಲೆ ಅವಳು ಬೆಳಗಾವಿಗೆ ಬರುವುದನ್ನೇ ಬಿಟ್ಟಳು.

ಆ ಬೇಸಿಗೆಯಲ್ಲೇ ಗಂಗವ್ವ ಪೇಟೆಯಲ್ಲಿ ಕಣ್ಣುಕತ್ತಲೆ ಬಂದು ಬಿದ್ದಳು. ಅವಳ ಪಕ್ಕದಲ್ಲಿ ಬಳೆ ಮಾರುತ್ತಿದ್ದ ಖಾತೂನಬಿ ಎಂಬ ಹೆಂಗಸು ನನ್ನ ಶಾಲೆಗೆ ಓಡಿ ಬಂದಳು. ಇಬ್ಬರೂ ಸೇರಿ ಗಂಗವ್ವನನ್ನು ಒಬ್ಬ ಲೇಡಿ ಡಾಕ್ಟರ ಹತ್ತಿರ ಒಯ್ದೆವು. ಮೈ ಕೆಂಡವಾಗಿತ್ತು. ಡಾಕ್ಟರು ನೋಡಿ ಬೈದರು. ತಡೆದು ತಡೆದು ಒಳಗೆಲ್ಲ ಹುಣ್ಣಾಗಿದೆ, ಹೀಗೇ ಬಿಟ್ಟರೆ ಮೂತ್ರಪಿಂಡ ಹೋಗುತ್ತದೆ, ಜೀವಕ್ಕೇ ಬರುತ್ತದೆ ಎಂದರು. "ಔಷಧಿ ಬರದು ಕೊಡ್ತೀನಿ, ಆದ್ರ ಖರೇ ಔಷಧ ನೀರು. ದಿನಾ ತಂಬಿಗಿಗಟ್ಲೆ ಕುಡೀಬೇಕು."

ಗಂಗವ್ವ ಮಲಗಿದಲ್ಲಿಂದಲೇ ಹೇಳಿದಳು: "ಎಂಥಾ ಕಹಿ ಔಷಧ ಕೊಟ್ರೂ ಕುಡೀತೀನ್ರಿ ಬಾಯಾರ. ಅದೊಂದ ಬಿಟ್ಟ ಬ್ಯಾರೇ ಏನರ ಬರೀರಿ."

ಪೇಟೆಗೆ ಬರುವುದನ್ನು ಬಿಡು ಎನ್ನುವಂತಿರಲಿಲ್ಲ. ಅವಳು ಮಾರಿದರೆ ಮನೆಯಲ್ಲಿ ಒಲೆ ಹತ್ತುತ್ತಿತ್ತು. ಮುಂದಿನ ಸಭೆಯಲ್ಲಿ ನಾನು ಪ್ರಾರ್ಥನೆ ಮುಗಿಸಿ ಕೂರದೆ ನಿಂತೇ ಇದ್ದು ವಿಷಯ ಎತ್ತಿದೆ. ಪಾಯಖಾನೆ ಎಂಬ ಮಾತು ನನ್ನ ಬಾಯಿಂದ ಬಿದ್ದದ್ದೇ ತಡ, ಸಭೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಮ್ಮು ಹತ್ತಿತು. ಒಬ್ಬರು ಕಿಟಕಿಯ ಹೊರಗೆ ನೋಡಿದರು. ಇನ್ನೊಬ್ಬರು ಕನ್ನಡಕ ಒರೆಸಿದರು. ವಕೀಲಸಾಹೇಬರು ಮಾತ್ರ ಕಣ್ಣು ಮುಚ್ಚಿ "ಹೂಂ, ಹೂಂ" ಎನ್ನುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ಕಣ್ಣು ತೆರೆದು, "ಬಾಯಿಯವರು ಭಾಳ ನಾಜೂಕು ವಿಷಯ ತಂದಾರ. ಕಟ್ಟೂಣು. ಆದ್ರ ಆ ಹೆಸರು ಬ್ಯಾಡ. ಮಹಿಳಾ ವಿಶ್ರಾಂತಿಧಾಮ ಅನ್ನೂಣು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ನನಗೂ ಅವರ ಮೇಲೆ ಗೌರವ ಉಕ್ಕಿ ಬಂತು. ಹೆಸರಲ್ಲೇನಿದೆ, ಗಂಗವ್ವ ನೀರು ಕುಡಿದರೆ ಸಾಕು ಎಂದುಕೊಂಡು ಸಂಜೆಯ ಗಾಡಿ ಹತ್ತಿದೆ.

ಪೇಟೆಯ ಪಕ್ಕದಲ್ಲೇ ಮುನಸಿಪಾಲ್ಟಿಯವರು ಒಂದು ತುಂಡು ಜಾಗ ಕೊಟ್ಟರು. ಮುಂದೆ ದೊಡ್ಡ ರಸ್ತೆ, ರಸ್ತೆಯ ಆಚೆ ಪಾನಪಟ್ಟಿ ಅಂಗಡಿ, ಟಾಂಗಾ ನಿಲ್ಲುವ ಕಟ್ಟೆ. ಹಿಂದೆ ಒಂದು ಬೇವಿನ ಗಿಡ, ಅದರಾಚೆ ಪೇಟೆಯ ಹೆಂಗಸರು ಕೂರುವ ಸಂದಿ. ಕೆಲಸ ಸುರು ಮಾಡುವ ಮೊದಲು, ಹೆಣ್ಣುಮಕ್ಕಳ ಕಷ್ಟವನ್ನು ಅವರ ಬಾಯಿಂದಲೇ ಕೇಳಬೇಕೆಂದು ವಕೀಲಸಾಹೇಬರು ಆ ಜಾಗದಲ್ಲೇ ಸಭೆ ಕರೆದರು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ನೆಲ. ಸ್ತ್ರೀ ಎಂದರೆ ಏನು, ಮಾತೆ ಎಂದರೆ ಏನು ಎಂದು ಹೇಳುತ್ತ ಹೋದರು. ಬೇವಿನ ನೆರಳು ಸರಿದು ಹೆಂಗಸರ ತಲೆಯ ಮೇಲೆ ಬಿಸಿಲು ಬಂತು, ಮಾತು ಮುಗಿಯಲಿಲ್ಲ. ಕೊನೆಗೆ ಗಂಗವ್ವನ ಕಡೆಗೆ ತಿರುಗಿದರು. ಪೇಟೆಯ ಹೆಂಗಸರನ್ನೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಒಬ್ಬಳ ಹೆಸರನ್ನೂ ಕಲಿಯದಿರಲು ಅದು ಅನುಕೂಲ.

"ಈಗ ಹೇಳ್ರಿ ಮಾವಶಿ, ನಿಮಗ ಏನು ತ್ರಾಸು ಅದ? ಮನಸು ಬಿಚ್ಚಿ ಹೇಳ್ರಿ."

ಸುತ್ತ ಕುರ್ಚಿಯ ಮೇಲೆ ಗಂಡಸರು, ರಸ್ತೆಯ ಮೇಲೆ ಟಾಂಗಾದವರು. ಗಂಗವ್ವ ಸೆರಗು ಮುಂದೆಳೆದುಕೊಂಡು, "ಏನಿಲ್ರಿ ಸಾಹೇಬ್ರ" ಎಂದಳು.

"ನೋಡ್ರಿ ಬಾಯಿಯವರ" ಎಂದು ನನ್ನ ಕಡೆ ತಿರುಗಿ ಅವರು ನಕ್ಕರು, "ಎಷ್ಟು ಸಮಾಧಾನದ ಜನ ಇವರು."

ಆಗ ಖಾತೂನಬಿ ಎದ್ದು ನಿಂತಳು. ಅವಳು ವಿಧವೆ, ಪೇಟೆಯಲ್ಲಿ ಬಾಯಿ ಮಾಡಿ ಬದುಕಿದವಳು, ಯಾರಿಗೂ ಹೆದರುತ್ತಿರಲಿಲ್ಲ. "ಸಾಬ, ಒಂದ ಮಾತ" ಎಂದಳು. "ಬಾಗಲಾ ರಸ್ತೇದ ಕಡೆ ಇಡಬ್ಯಾಡ್ರಿ. ಇಲ್ಲಿ ಹಿಂದ, ಬೇವಿನ ಗಿಡದ ಕಡೆ ಇಡ್ರಿ. ಕೀಲಿ ಹಾಕಬ್ಯಾಡ್ರಿ. ಹೆಣ್ಣಮಕ್ಳು ಹಿಂದಿಂದ ಬಂದು ಹಿಂದಿಂದ ಹೋಗಬೇಕ್ರಿ, ಒಬ್ರಿಗೂ ತಿಳೀಬಾರ್ದು."

ಇಷ್ಟೇ. ಇದಕ್ಕಿಂತ ಸರಳವಾಗಿ ಯಾರೂ ಏನನ್ನೂ ಹೇಳಲಾರರು. ವಕೀಲಸಾಹೇಬರು ಕಣ್ಣು ಮುಚ್ಚಿ ಹೂಂಗುಟ್ಟಿದರು. ಕಣ್ಣು ತೆರೆದು, "ಅಲ್ಲ ಮಾವಶಿ, ದೊಡ್ಡ ದೊಡ್ಡವರು ಉದ್ಘಾಟನಾಕ ಬರ್ತಾರ. ಅವರನ್ನ ಹಿತ್ತಲಾಗ ಕರಕೊಂಡು ಹೋಗೂದೇನು?" ಎಂದರು. ಕುರ್ಚಿಯ ಮೇಲಿದ್ದವರೆಲ್ಲ ನಕ್ಕರು.

ಆಮೇಲೆ ಮಂಡಳಿಯ ಮುಂದೆ ನಿಜವಾದ ಸಮಸ್ಯೆ ಬಂದು ನಿಂತಿತು. ಹೆಸರಿನ ಕಲ್ಲಿನಲ್ಲಿ ಕನ್ನಡ ಮೇಲೋ ಮರಾಠಿ ಮೇಲೋ? ಇದು ಬೆಳಗಾವಿ. ಇಲ್ಲಿ ಮನುಷ್ಯ ಹಸಿದಿರಬಹುದು, ಬಾಯಾರಿರಬಹುದು, ಬೋರ್ಡಿನಲ್ಲಿ ಯಾವ ಅಕ್ಷರ ಮೇಲಿದೆ ಎಂಬುದು ಮಾತ್ರ ತೀರ್ಮಾನವಾಗಲೇಬೇಕು. ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಒಬ್ಬರು ಮೇಜು ಗುದ್ದಿ ಎದ್ದು ಹೋದರು, ಇನ್ನೊಬ್ಬರು ರಾಜೀನಾಮೆ ಕೊಟ್ಟು ತಿರುಗಿ ಬಂದರು. ಅಷ್ಟೂ ದಿನ ಗಂಗವ್ವ ಜ್ವರ ಬಂದಾಗ ಮನೆಯಲ್ಲಿ ಮಲಗಿ, ಜ್ವರ ಬಿಟ್ಟಾಗ ಬಾಯಿ ಒಣಗಿಸಿಕೊಂಡು ಪೇಟೆಗೆ ಬರುತ್ತಿದ್ದಳು. ಕೊನೆಗೆ ವಕೀಲಸಾಹೇಬರೇ ದಾರಿ ಹುಡುಕಿದರು: ಮೇಲೂ ಬೇಡ ಕೆಳಗೂ ಬೇಡ, ಎರಡೂ ಅಕ್ಕಪಕ್ಕ, ಸಮಸಮ. ಎರಡು ಭಾಷೆ ಅಕ್ಕಪಕ್ಕ ಹಿಡಿಯುವಷ್ಟು ಅಗಲದ ಕಲ್ಲು ತರಿಸಿದರು. ಅಷ್ಟು ಅಗಲದ ಕಲ್ಲಿಗೆ ರಸ್ತೆಯ ಕಡೆಯ ಗೋಡೆಯೇ ಬೇಕಾಯಿತು, ಕಲ್ಲಿನ ಕೆಳಗೆ ಬಾಗಿಲು, ಬಾಗಿಲಿಗೆ ರಿಬ್ಬನ್ನು. ಗಂಗವ್ವನಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತಿದ್ದವು. ಓದಲು ಒಂದೂ ಬರುತ್ತಿರಲಿಲ್ಲ.

ಕಟ್ಟಡ ಚೆನ್ನಾಗೇ ಆಯಿತು. ಮುಂದೆ ರಸ್ತೆಗೆ ತೆರೆದ ಒಂದು ಪಡಸಾಲೆ, ಎರಡು ಕಲ್ಲಿನ ಬೆಂಚು, ಬಾಗಿಲು ದಾಟಿದರೆ ಒಳಗೆ ಎರಡು ಪಾಯಖಾನೆ, ನೀರಿನ ತೊಟ್ಟಿ. ಉದ್ಘಾಟನೆಗೆ ಬ್ಯಾಂಡು ತರಿಸಿದ್ದರು. ವಕೀಲಸಾಹೇಬರು ಮಖಮಲ್ಲಿನ ಚೀಲದಿಂದ ಕತ್ತರಿ ತೆಗೆದು ಕಚಕ್ ಎಂದು ಒಂದೇ ಏಟಿಗೆ ರಿಬ್ಬನ್ ಕತ್ತರಿಸಿದರು. ಫೋಟೋ ಚೆನ್ನಾಗಿ ಬಂತು. ಬಂದ ಗಣ್ಯರು ಒಬ್ಬೊಬ್ಬರಾಗಿ ಹೆಂಗಸರ ಪಾಯಖಾನೆಯ ಒಳಗೆ ಹೋಗಿ, ಸುತ್ತ ನೋಡಿ, ಛಲೋ ಆಗೇದ ಎಂದು ಹೊರಗೆ ಬಂದರು. ಹಾಗೆ ಆ ಬಾಗಿಲಿನಿಂದ ಅಂಜಿಕೆಯಿಲ್ಲದೆ ಒಳಗೆ ಹೋಗಿ ಬಂದವರು ಅವರೇ ಮೊದಲು, ಅವರೇ ಕೊನೆ.

ಮರುದಿನದಿಂದ ಬಾಗಿಲಿಗೆ ಬೀಗ ಬಿತ್ತು. "ತೆರದು ಇಟ್ರ ಇವರು ಹೊಲಸು ಮಾಡ್ತಾರ ಬಾಯಿಯವರ. ಬೇಕಾದಾಗ ಚಾವಿ ಇಸಗೊಂಡು ಹೋಗಲಿ, ತಿರುಗಿ ಕೊಡಲಿ" ಎಂದರು ವಕೀಲಸಾಹೇಬರು. ಚಾವಿ ಯಾರ ಹತ್ತಿರ ಇಟ್ಟರು? ಎದುರಿನ ಪಾನಪಟ್ಟಿಯವನ ಹತ್ತಿರ. ಅವನು ವಿಶ್ವಾಸದ ಮನುಷ್ಯ, ಬೆಳಗಿನಿಂದ ಸಂಜೆಯವರೆಗೆ ಜಾಗ ಬಿಟ್ಟು ಏಳುವುದಿಲ್ಲ. ದಿನವಿಡೀ ಗಂಡಸರು ಗುಂಪುಗಟ್ಟಿ ನಿಲ್ಲುವ ಅಂಗಡಿಗೆ ಹೋಗಿ, ಒಬ್ಬ ಹೆಂಗಸು, ನನಗೆ ಈಗ ಒಂದಕ್ಕೆ ಹೋಗಬೇಕಾಗಿದೆ ಎಂದು ಹೇಳಿ ಚಾವಿ ಇಸಿದುಕೊಳ್ಳಬೇಕು. ಇಂಥ ಏರ್ಪಾಡು ಮಾಡಬೇಕಾದರೆ ಕಾನೂನು ಓದಿರಲೇಬೇಕು, ಸಾದಾ ಮನುಷ್ಯನ ತಲೆಗೆ ಇದು ಹೊಳೆಯುವುದಿಲ್ಲ.

ಗಂಗವ್ವ ಧೈರ್ಯ ಮಾಡಿ ಒಮ್ಮೆ ಹೋದಳು. ಆ ಸಂಜೆ ಗಾಡಿಯಲ್ಲಿ ಹೇಳಿದಳು. "ಚಾವಿ ಕೊಡ್ರಿ ಅಂದ್ನಿರಿ. ಯಾತಕ್ಕ ಅಂದ. ಸುತ್ತ ನಿಂತಾವ್ರು ನಕ್ರು. ಒಬ್ಬಾಂವ, ಕೀಲಿ ತಗ್ಯಾಕ ನಾ ಬರ್ಲೇನು ಅಂದ. ತಿರುಗಿ ಬಂದ್ನಿರಿ." ನಗುತ್ತಲೇ ಹೇಳಲು ಸುರು ಮಾಡಿದ್ದಳು, ಕೊನೆಗೆ ಕಿಟಕಿಯ ಕಡೆ ಮುಖ ಮಾಡಿದಳು. ನನಗೆ ಆ ಪಾನಪಟ್ಟಿಯವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಬಿಳಿ ಧೋತರದ ಮೇಲೆ.

ಮರುದಿನ ಖಾತೂನಬಿ ಪಾನಪಟ್ಟಿಗೆ ಹೋಗಿ, ಅವನು ಯಾತಕ್ಕ ಎಂದು ಕೇಳುವ ಮೊದಲೇ ಮೊಳೆಯಿಂದ ಚಾವಿ ಕಿತ್ತುಕೊಂಡಳು. ತಿರುಗಿ ಕೊಡಲಿಲ್ಲ. ತನ್ನ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಬಳೆಯ ಬುಟ್ಟಿಯ ಮುಂದೆ ಕೂತಳು. ಹೆಂಗಸರು ಗುಂಪಾಗಿ ಹೋಗುವರು. ಒಬ್ಬಳು ಒಳಗೆ ಹೋಗುವಾಗ ಉಳಿದವರು ರಸ್ತೆಗೆ ಬೆನ್ನು ಕೊಟ್ಟು ಸೆರಗು ಹರಡಿ ಮರೆ ನಿಲ್ಲುವರು. ಆ ಕೆಲವು ದಿನ ಬೆಳಗಿನ ಗಾಡಿಯಲ್ಲಿ ಗಂಗವ್ವ ತಾನಾಗಿಯೇ, "ತಂಬಿಗಿ ಕೊಡ್ರಿ ಅಕ್ಕೋರ" ಎಂದು ಕೇಳಿ ನೀರು ಕುಡಿದಳು. ಅಷ್ಟು ಸಣ್ಣ ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಪಾನಪಟ್ಟಿಯವನು ದೂರು ಒಯ್ದ. ವಕೀಲಸಾಹೇಬರು ಸುಮ್ಮನಿರುತ್ತಾರೆಯೇ? ಸಾರ್ವಜನಿಕ ಆಸ್ತಿಯ ಚಾವಿ ಕಳುವಾಗಿದೆ ಎಂದು ಪೊಲೀಸ್ ಚೌಕಿಗೆ ಹೇಳಿ ಕಳಿಸಿದರು. ಬೆಳಿಗ್ಗೆ ಒಬ್ಬ ಪೊಲೀಸಿನವನು ಬಂದು ಖಾತೂನಬಿಯನ್ನು ಬಳೆಯ ಬುಟ್ಟಿಯ ಸಮೇತ ಕರೆದುಕೊಂಡು ಹೋದ. ಸಂಜೆಯವರೆಗೆ ಅವಳನ್ನು ಚೌಕಿಯ ಬಾಗಿಲಲ್ಲಿ ಕೂರಿಸಿದ್ದರು. ಹೋಗಿ ಬರುವವರೆಲ್ಲ ನೋಡುವ ಹಾಗೆ, ಕಳ್ಳಿಯನ್ನು ಕೂರಿಸಿದ ಹಾಗೆ. ದೀಪ ಹಚ್ಚುವ ಹೊತ್ತಿಗೆ ವಕೀಲಸಾಹೇಬರೇ ಹೋಗಿ, ಅವಳಿಂದ ಚಾವಿ ಇಸಿದುಕೊಂಡು, "ಬಿಟ್ಟುಬಿಡ್ರಿ, ಬಡವಿ ಇದ್ದಾಳ" ಎಂದು ಬಿಡಿಸಿದರು. ಹಿಡಿಸಿದವರೂ ಅವರೇ, ಬಿಡಿಸಿದವರೂ ಅವರೇ. ಮುಂದಿನ ಸಭೆಯಲ್ಲಿ ಮಂಡಳಿಯವರು ಅವರ ಔದಾರ್ಯಕ್ಕೆ ಅಭಿನಂದನೆ ಸಲ್ಲಿಸಿದರು.

ಆ ಸಭೆಯಲ್ಲಿ ನಾನು ಕೇಳಿದೆ. "ಸಾಹೇಬ್ರ, ಹೆಣ್ಣುಮಕ್ಕಳಿಗೆ ಅಂತ ಕಟ್ಟಿಸಿದ್ರಿ. ಚಾವಿ ಹೆಣ್ಣುಮಗಳ ಹತ್ರ ಇತ್ತು. ಇದರಾಗ ಕಳವು ಯಾರು ಮಾಡಿದ್ರು?"

ಕಣ್ಣು ಮುಚ್ಚಿ, ಹೂಂಗುಟ್ಟಿ, ಕಣ್ಣು ತೆರೆದರು. "ಇವತ್ತು ಪ್ರಾರ್ಥನಾ ಭಾಳ ಛಲೋ ಹೇಳಿದ್ರಿ ಬಾಯಿಯವರ" ಎಂದರು.

ನಾನು ಮತ್ತೆ ಆ ಸಭೆಗೆ ಹೋಗಲಿಲ್ಲ. ಅವರಿಗೆ ಬೇರೆ ದನಿ ಸಿಕ್ಕಿತು, ನನಗಿಂತ ಇಂಪಾಗಿಯೇ ಇತ್ತಂತೆ. ಹೆಂಗಸರು ವಿಶ್ರಾಂತಿಧಾಮದ ಕಡೆ ಸುಳಿಯಲಿಲ್ಲ. ಮತ್ತೆ ಅದೇ ರೈಲು ಹಳಿಯ ಆಚೆ, ಅದೇ ಒಣ ಬಾಯಿ. ವರ್ಷ ಕಳೆಯುವುದರೊಳಗೆ, ಹೆಂಗಸರಿಗೆ ಇದರ ಅಗತ್ಯವೇ ಇಲ್ಲವೆಂದು ಅನುಭವದಿಂದ ಕಂಡುಬಂದಿದೆ ಎಂದು ಮಂಡಳಿ ತೀರ್ಮಾನಿಸಿತು. ಪಡಸಾಲೆ ವಾಚನಾಲಯವಾಯಿತು. ಮಂಡಳಿಯ ಹಿರಿಯರು ಕಲ್ಲಿನ ಬೆಂಚಿನ ಮೇಲೆ ಕೂತು ಪತ್ರಿಕೆ ಓದುವರು. ಪಾಯಖಾನೆಗಳಲ್ಲಿ ಮಡಚುವ ಕುರ್ಚಿ ತುಂಬಿದರು. ಗಂಗವ್ವ ಒಂದೊಂದು ಜ್ವರಕ್ಕೂ ಸ್ವಲ್ಪ ಸ್ವಲ್ಪ ಇಳಿದುಹೋಗುತ್ತಿದ್ದಳು. ಹೊರೆ ಹೊತ್ತು ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲುವಳು.

ಇದಾಗಿ ಕೆಲವು ವರ್ಷದ ಮೇಲೆ, ಎಂಬತ್ತರ ದಶಕ ಬಂದಿತ್ತು, ನಮ್ಮ ಶಾಲೆಯ ವಾರ್ಷಿಕ ಸಮಾರಂಭಕ್ಕೆ ವಕೀಲಸಾಹೇಬರು ಮುಖ್ಯ ಅತಿಥಿಯಾಗಿ ಬಂದರು. ವಯಸ್ಸಾಗಿತ್ತು, ಆದರೂ ಕೋಟಿನ ಗುಂಡಿ ಕೊರಳವರೆಗೆ. ನಮ್ಮ ಹೆಡ್‌ಮಿಸ್ಟ್ರೆಸ್ಸರು ಚಹಾ ತಂದು ಮುಂದಿಟ್ಟರು. ಅವರು ಕೈಯಾಡಿಸಿ ಬೇಡವೆಂದರು. ನೀರು ಕೊಟ್ಟರು. ಅದನ್ನೂ ಬೇಡವೆಂದರು. ಆ ಕೈಯಾಡಿಸುವುದನ್ನು ನಾನು ಗಾಡಿಯಲ್ಲಿ ಸಾವಿರ ಸಲ ನೋಡಿದ್ದೆ. ಸ್ತ್ರೀಯರ ಏಳಿಗೆಯ ಬಗ್ಗೆ ಮಾತಾಡಲು ನಿಂತವರು, ಮಾತೆ ಎನ್ನುವಷ್ಟರಲ್ಲಿ ಮುಖ ಹಿಂಡಿಕೊಂಡು, ಎಲ್ಲರಿಗೂ ವಂದಿಸಿ, ವೇದಿಕೆ ಇಳಿದು ಅವಸರದಿಂದ ಹೊರಟುಹೋದರು. ಅವರ ಜೀವಮಾನದಲ್ಲಿ ಅಷ್ಟು ಚಿಕ್ಕ ಭಾಷಣ ಮಾಡಿರಲಿಕ್ಕಿಲ್ಲ. ಮುದಿ ಗಂಡಸರಿಗೆ ಬರುವ ಆ ತೊಂದರೆ ಅವರಿಗೂ ಬಂದಿತ್ತು. ಗಳಿಗೆಗೊಮ್ಮೆ ಹೋಗಬೇಕು, ತಡೆಯುವಂತಿಲ್ಲ.

ದಿನಾ ಪತ್ರಿಕೆ ಓದಲು ಕೂರುವ ಪಡಸಾಲೆಯಲ್ಲಿ ಬೆನ್ನ ಹಿಂದೆಯೇ ಎರಡು ಪಾಯಖಾನೆ ಇದ್ದವು. ಆದರೆ ಹೋಗುವುದು ಹೇಗೆ? ಬಾಗಿಲು ರಸ್ತೆಯ ಕಡೆ. ಎದುರಿಗೆ ಪಾನಪಟ್ಟಿ, ಟಾಂಗಾದವರು. ವಕೀಲಸಾಹೇಬರಂಥವರು ಬೆಳಗಿನಿಂದ ಮಧ್ಯಾಹ್ನದವರೆಗೆ ಐದಾರು ಸಲ ಆ ಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬರುವುದನ್ನು ಊರು ನೋಡಿದರೆ ಮರ್ಯಾದೆ ಉಳಿಯುತ್ತದೆಯೇ?

ಒಂದು ದಿನ ಖಾತೂನಬಿ ಶಾಲೆಯ ಗೇಟಿಗೇ ಬಂದು ನನ್ನನ್ನು ಕರೆದಳು. "ಅಕ್ಕೋರ, ಬರ್ರಿ. ಬಂದು ನೋಡ್ರಿ." ಬೇವಿನ ಗಿಡದ ಹತ್ತಿರ ಹೋಗಿ ನೋಡಿದೆ. ವಕೀಲಸಾಹೇಬರು ಕಳಿಸಿದ ಗೌಂಡಿಗಳು ಒಳಗಿನ ಕುರ್ಚಿಗಳನ್ನು ಹೊರಗೆ ಹಾಕಿ, ಹಿಂದಿನ ಗೋಡೆ ಒಡೆದು ಬಾಗಿಲು ಕೂರಿಸಿದ್ದರು. ವರ್ಷಗಳ ಹಿಂದೆ ಅವಳು ಎದ್ದು ನಿಂತು ಕೈ ತೋರಿಸಿದ್ದ ಕಡೆಯೇ. ಬಾಗಿಲ ಮುಂದೆ ಮರೆಗೆ ಎದೆಯುದ್ದದ ಒಂದು ಗೋಡೆ. ಬೀಗವಿಲ್ಲ, ಅವಸರದವರಿಗೆ ಬೀಗ ತೆಗೆಯುವಷ್ಟು ಪುರಸತ್ತು ಎಲ್ಲಿ? ಕಲ್ಲಿಲ್ಲ, ಹೆಸರಿಲ್ಲ, ರಿಬ್ಬನ್ನೂ ಇಲ್ಲ. ರಸ್ತೆಯ ಕಡೆಯ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಬಿಟ್ಟಿದ್ದರು.

ನಾವು ಹೇಳಿದ್ದು ಒಂದೂ ಅವರ ಕಿವಿಗೆ ಬಿದ್ದಿಲ್ಲ ಎಂದು ನಾನು ತಿಳಿದಿದ್ದೆ. ಒಂದೊಂದು ಮಾತೂ ಬಿದ್ದಿತ್ತು. ಹಿಂದಿನ ಬಾಗಿಲು, ಮರೆ, ಬೀಗವಿಲ್ಲದ್ದು, ಯಾವುದನ್ನೂ ಮರೆತಿರಲಿಲ್ಲ. ಕೇಳಿಸಿಕೊಂಡೂ ಮಾಡದಿದ್ದ ಮನುಷ್ಯ ಅವರು. ಕೇಳಿಸದಿದ್ದರೆ ಕ್ಷಮಿಸಬಹುದಿತ್ತು, ಇದನ್ನು ನಾನು ಈಗಲೂ ಕ್ಷಮಿಸಿಲ್ಲ. ಇಡೀ ಡಬ್ಬಿಯ ಹೆಂಗಸರು ವರ್ಷಗಟ್ಟಲೆ ಬಾಯಿ ಒಣಗಿಸಿಕೊಂಡರೂ ಅಲ್ಲಾಡದ ಗೋಡೆ, ಒಬ್ಬ ದೊಡ್ಡ ಮನುಷ್ಯನಿಗೆ ತಡೆಯಲಾಗದಾಗ ಒಂದೇ ವಾರದಲ್ಲಿ ಒಡೆಯಿತು.

ಬಾಗಿಲು ಹಿಂದೆ ಇದೆ, ಬೀಗವಿಲ್ಲ ಎಂದ ಮೇಲೆ ಪೇಟೆಯ ಹೆಂಗಸರಿಗೆ ಯಾರೂ ಆಮಂತ್ರಣ ಕೊಡಬೇಕಾಗಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದು ಅವರದಾಯಿತು. ವಕೀಲಸಾಹೇಬರು ಈ ಸಲ ಚೌಕಿಗೆ ಹೇಳಿ ಕಳಿಸಲಿಲ್ಲ. ಕಳಿಸಿದರೆ ಆ ಬಾಗಿಲನ್ನು ಯಾರಿಗಾಗಿ ಒಡೆಸಿದ್ದು ಎಂದು ಹೇಳಬೇಕಾಗುತ್ತಿತ್ತು.

ಒಂದು ಮಧ್ಯಾಹ್ನದ ಬಿಡುವಿನಲ್ಲಿ ನಾನು ಖಾತೂನಬಿಯ ಹತ್ತಿರ ಬಳೆ ನೋಡುತ್ತ ಕೂತಿದ್ದೆ. ಗಂಗವ್ವ ಬೇವಿನ ಬುಡದಲ್ಲಿ ಬಾಗಿಲ ಕಾವಲಿಗೆ ಕೂತಿದ್ದಳು. ಹೆಂಗಸರು ಸರದಿಯ ಮೇಲೆ ಹಾಗೆ ಕೂರುತ್ತಿದ್ದರು. ವಕೀಲಸಾಹೇಬರು ಪಡಸಾಲೆಯಿಂದ ಗೋಡೆಯ ಬದಿಗೆ ಬಂದರು, ಹೆಜ್ಜೆ ಬಿರುಸಾಗಿತ್ತು.

"ಸ್ವಲ್ಪ ನಿಂದರ್ರಿ ಸಾಹೇಬ್ರ" ಎಂದಳು ಗಂಗವ್ವ, ಕೂತಲ್ಲಿಂದಲೇ. "ಒಳಗ ಹೆಣ್ಣಮಕ್ಳು ಅದಾರ."

ಅವರು ಬಾಗಿಲನ್ನು ನೋಡಿದರು. ನನ್ನನ್ನು ನೋಡಿದರು, ಖಾತೂನಬಿಯನ್ನು ನೋಡಿದರು, ಬಿಸಿಲಿನಲ್ಲಿ ನಿಂತರು. ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ. ಗಂಗವ್ವ ಖಾತೂನಬಿಯ ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು, ತಲೆ ಎತ್ತಿ ಗಟಗಟ ಕುಡಿದಳು. ತಂಬಿಗೆ ಖಾಲಿಯಾಯಿತು. ಇನ್ನೊಂದು ತಂಬಿಗೆ ಬಗ್ಗಿಸಿಕೊಂಡಳು.